ದಕ್ಕೆಯಲ್ಲಿ ನಿಂತು ನಾಯಕತ್ವ ಕಲಿಯುವುದು: ಪಿಎಚ್‌ಡಿ ಕ್ಷೇತ್ರಕಾರ್ಯಕ್ಕೆ ಇಳಿಯುವವರಿಗೆ

ಉಡುಪಿಯ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತಲೇ ಅರೆಕಾಲಿಕ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ, ಮಲ್ಪೆ ಬಂದರಿನ ಮೀನುಗಾರಿಕೆ ಬೋಟುಗಳಲ್ಲಿ ತಾಂಡೇಲರ, ಅಂದರೆ ಬೋಟು ನಡೆಸುವ ಮುಖಂಡರ, ನಾಯಕತ್ವ. ದುಡಿಯುವ ಜನರ ನಡವಳಿಕೆಯನ್ನು ಅರಿಯಬೇಕೆನ್ನುವವರು ಪ್ರಶ್ನಾವಳಿಯನ್ನು ಚೀಲದಲ್ಲೇ ಇಟ್ಟು ಮೊದಲು ದಕ್ಕೆಯಲ್ಲಿ, ಬೋಟುಗಳು ಮೀನು ಇಳಿಸುವ ಕಟ್ಟೆಯಲ್ಲಿ, ನಿಲ್ಲಬೇಕು.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಯುಜಿಸಿಯ 2022ರ ನಿಯಮದಂತೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಅರೆಕಾಲಿಕರು ಉದ್ಯೋಗದಾತರಿಂದ ನಿರಾಕ್ಷೇಪಣಾ ಪತ್ರ ತರಬೇಕು. ಸಂಶೋಧನೆಗೆ ಸಮಯ ಸಿಗುತ್ತದೆ ಎಂಬ ಸಾಲು ಅದರಲ್ಲಿ ಸ್ಪಷ್ಟವಾಗಿರಲಿ. ಪ್ರಾಂಶುಪಾಲರು ಬದಲಾದಾಗ ನಿಮ್ಮನ್ನು ಕಾಯುವುದು ಅದೇ.

ಬೋಟಿನ ಮಾಲೀಕರ ಅನುಮತಿ ಪಡೆಯಿರಿ, ಆದರೆ ಅವರ ಕಾರಿನಲ್ಲಿ ಬಂದರಿಗೆ ಹೋಗಬೇಡಿ. ಬೋಟಿನಲ್ಲಿ ದುಡಿಯುವ ಕಲಾಸಿಗಳು ನಿಮ್ಮನ್ನು ಮಾಲೀಕರ ಕಡೆಯವರೆಂದು ತಿಳಿದರೆ ಆಮೇಲೆ ಸಿಗುವುದೆಲ್ಲ ಹೊಗಳಿಕೆಯೇ. ಬಸ್ಸಿನಲ್ಲಿ ಹೋಗಿ, ತಾಂಡೇಲರನ್ನು ಕಂಡು, ಏನು ಬರೆಯುತ್ತೀರಿ, ಯಾರು ಓದುತ್ತಾರೆ ಎಂಬುದನ್ನು ಬಿಡಿಸಿ ಹೇಳಿ. ಮೀನು ಇಳಿಸುವಾಗ, ಏಲಂ ನಡೆಯುವಾಗ ಯಾರನ್ನೂ ಮಾತಿಗೆ ಎಳೆಯಬಾರದು, ನೋಡಿದರೆ ಸಾಕು. ಬಲೆ ಸರಿಪಡಿಸುತ್ತ ಕುಳಿತಾಗ ಕೈಗೆ ಕೆಲಸ, ಬಾಯಿಗೆ ಬಿಡುವು. ಮನಸ್ಸಿನ ಮಾತು ಆಗ ಬರುತ್ತದೆ.

ನಾಯಕತ್ವದ ಪಠ್ಯಗಳಲ್ಲಿ ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಸಂಗಡಿಗರ 1939ರ ಅಧ್ಯಯನ ಬಂದೇ ಬರುತ್ತದೆ. ಸರ್ವಾಧಿಕಾರಿ, ಪ್ರಜಾಸತ್ತಾತ್ಮಕ, ತಮ್ಮಷ್ಟಕ್ಕೆ ಬಿಟ್ಟುಬಿಡುವ ಬಗೆ ಎಂದು ಮೂರು ವಿಂಗಡಣೆ. ಅದು ಅಮೆರಿಕದ ಹುಡುಗರ ಗುಂಪುಗಳಿಗೆ ವಯಸ್ಕ ಮುಖಂಡರನ್ನು ಕೊಟ್ಟು ನಡೆಸಿದ ಪ್ರಯೋಗ. ನಾನು ಬಲ್ಲ ಒಬ್ಬರೇ ತಾಂಡೇಲರಲ್ಲಿ ಈ ಮೂರೂ ಇವೆ. ಬಲೆ ಎಳೆಯುವಾಗ ಅವರದೇ ಮಾತು, ಯಾರೂ ಎದುರಾಡುವಂತಿಲ್ಲ. ಮೀನಿಲ್ಲದೆ ಡೀಸೆಲ್ ಸುಡುತ್ತಿರುವಾಗ ಮುಂದೆ ಹೋಗುವುದೋ ಮರಳುವುದೋ ಎಂದು ಹಿರಿಯ ಕಲಾಸಿಗಳನ್ನು ಕೇಳುತ್ತಾರೆ. ಅಡುಗೆಯ ವಿಚಾರಕ್ಕೆ ತಲೆ ಹಾಕುವುದೇ ಇಲ್ಲ. ನಿಮ್ಮ ನಾಯಕರಿಗೆ ಐದರಲ್ಲಿ ಎಷ್ಟು ಅಂಕ ಎಂದು ಕೇಳಿದರೆ ಇದಾವುದೂ ಕೈಗೆ ಸಿಗದು. ವ್ಯಕ್ತಿಗೆ ಹಣೆಪಟ್ಟಿ ಹಚ್ಚದೆ ಸಂದರ್ಭವನ್ನು ಬರೆದುಕೊಳ್ಳಿ. "ಕಳೆದ ಸಲ ಬಲೆ ಹರಿದಾಗ ಯಾರು ಏನು ಮಾಡಿದರು?" ಎಂದು ಕೇಳಿ ನೋಡಿ. ಪಾಲು ಹಂಚುವ ಹೊತ್ತಿನಲ್ಲಿ ಕುಳಿತುಕೊಳ್ಳಲು ಬಿಟ್ಟರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಯಾರ ಮಾತಿಗೆ ತೂಕವಿದೆ ಎಂಬುದು ಅಲ್ಲಿ ತಿಳಿಯುತ್ತದೆ.

ಟಿಪ್ಪಣಿಯಲ್ಲಿ ಕಂಡದ್ದು, ಕೇಳಿದ್ದು, ನಿಮಗೆ ಅನಿಸಿದ್ದು ಬೇರೆಬೇರೆಯಾಗಿರಲಿ. ತುಳುವಿನಲ್ಲಿ ಹೇಳಿದ್ದನ್ನು ತುಳುವಿನಲ್ಲೇ ಬರೆದುಕೊಳ್ಳಿ.

ಇನ್ನೊಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಜನರ ಹೆಸರು ಬದಲಿಸಿದರೆ ಸಾಲದು. ಬೋಟಿನ ಬಣ್ಣ, ತಾಂಡೇಲರ ಊರು, ಒಂದು ಅವಘಡದ ತಿಂಗಳು, ಇಷ್ಟು ಬರೆದರೆ ಮಲ್ಪೆಯಲ್ಲಿ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಸೇರಿದ ಪ್ರಬಂಧವನ್ನು ಮಾಲೀಕರ ಮಕ್ಕಳೂ ಓದಬಹುದು. ನಿಮ್ಮ ಪದವಿಗಾಗಿ ಒಬ್ಬ ಕಲಾಸಿಯ ಮುಂದಿನ ಋತುವಿನ ಕೆಲಸ ಹೋಗಬಾರದು.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಹೊರರಾಜ್ಯದ ಕಲಾಸಿಗಳು ಊರಿಗೆ ಹೊರಡುವುದರಿಂದ ಅವರ ಸಂದರ್ಶನಗಳನ್ನು ಮೇ ಮಧ್ಯದೊಳಗೆ ಮುಗಿಸಿ. ಸ್ಥಳೀಯ ತಾಂಡೇಲರು ಮಳೆಗಾಲದಲ್ಲಿ ಮನೆಯಲ್ಲೇ ಸಿಗುತ್ತಾರೆ. ಅವರ ಬಗ್ಗೆ ಬರೆದದ್ದನ್ನು ಅವರಿಗೇ ಓದಿ ಹೇಳಿ, ತಿದ್ದಿಸಿಕೊಂಡ ಮೇಲೆ ಮಾರ್ಗದರ್ಶಕರಿಗೆ ಕಳುಹಿಸಿ. ಕಲಾಸಿಗಳು ನಂಬಿ ಹೇಳಿದ ಪುಟಗಳನ್ನು ಮಾತ್ರ ತಾಂಡೇಲರ ಮನೆಗೆ ಒಯ್ಯಬೇಡಿ.