ತಾರ ಷಡ್ಜಕ್ಕೆ ಹೋಗದ ಹುಡುಗ

ಹದಿನಾಲ್ಕು ವರ್ಷದ ಗಾಯಕನೊಬ್ಬನ ಕಥೆಯನ್ನು ಎಂಟು ಕಂತುಗಳ ಧಾರಾವಾಹಿಯಾಗಿ ಬರೆಯಲು ಕುಳಿತಾಗ, ನನ್ನ ಮೊದಲ ಕರಡಿನಲ್ಲಿ ಆ ಹುಡುಗ ಬಾಗಿಲು ಬಡಿಯುತ್ತಿದ್ದ, ಅಪ್ಪನಿಗೆ ಎದುರಾಡುತ್ತಿದ್ದ, ಮೂರನೆಯ ಕಂತಿನಲ್ಲಿ ತಂಬೂರಿಯನ್ನೇ ಕೆಡವುತ್ತಿದ್ದ. ಧಾರವಾಡದ ಮಾಳಮಡ್ಡಿಯಲ್ಲಿ ಮಕ್ಕಳಿಗೆ ಹಿಂದೂಸ್ತಾನಿ ಗಾಯನ ಕಲಿಸುವ ಹಿರಿಯರೊಬ್ಬರಿಗೆ ಅದನ್ನು ಓದಿ ಹೇಳಿದೆ. ಅವರು ಕೊನೆಯವರೆಗೂ ಕೇಳಿ, "ಹಾಡುವ ಹುಡುಗ ತಂಬೂರಿ ಕೆಡವುವುದಿಲ್ಲ ತಂಗಿ. ತಾರ ಷಡ್ಜಕ್ಕೆ ಹೋಗುವುದನ್ನು ನಿಲ್ಲಿಸುತ್ತಾನೆ, ಅಷ್ಟೇ" ಎಂದರು. ಷಡ್ಜವೆಂದರೆ 'ಸ', ಹಾಡಿನ ಆಧಾರ ಸ್ವರ; ತಾರ ಷಡ್ಜ ಮೇಲಿನ ಸಪ್ತಕದ 'ಸ'. ಆ ರಾತ್ರಿಯೇ ಕರಡನ್ನು ಬದಿಗಿಟ್ಟೆ.

ನನ್ನ ಹುಡುಗನಿಗೆ ಧ್ವನಿ ಒಡೆಯುತ್ತಿತ್ತು. ಆ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪಗಾಗುತ್ತವೆ. ಹುಡುಗಿಯರಲ್ಲಿ ಶ್ರುತಿ ಎರಡು ಮೂರು ಸ್ವರಸ್ಥಾನಗಳಷ್ಟು ಇಳಿದರೆ ಹುಡುಗರಲ್ಲಿ ಹೆಚ್ಚುಕಡಿಮೆ ಒಂದು ಸಪ್ತಕವೇ, ಅಂದರೆ ಒಂದು 'ಸ'ದಿಂದ ಮುಂದಿನ 'ಸ'ದವರೆಗಿನಷ್ಟು, ಇಳಿಯುತ್ತದೆ. ಹಾರ್ಮೋನಿಯಂನ ಕಪ್ಪು ಮನೆಗಳ ಲೆಕ್ಕದಲ್ಲಿ ಹೇಳುವುದಾದರೆ, ಕಪ್ಪು ಐದರಲ್ಲಿ ಹಕ್ಕಿಯಂತೆ ಹಾಡುತ್ತಿದ್ದವನು ಕೊನೆಗೆ ಕಪ್ಪು ಒಂದರಲ್ಲೋ ಎರಡರಲ್ಲೋ ಬಂದು ನಿಲ್ಲುತ್ತಾನೆ. ನಡುವಿನ ತಿಂಗಳುಗಳಲ್ಲಿ ಅವನಿಗೆ ಸ್ವಂತದ್ದೆನ್ನುವ ಷಡ್ಜವೇ ಇರುವುದಿಲ್ಲ. ನಿನ್ನೆ ಸಿಕ್ಕ ಪಂಚಮ ಇಂದು ಸಿಕ್ಕುತ್ತದೆಯೋ ಇಲ್ಲವೋ ಎಂಬುದು ಬಾಯಿ ತೆರೆದ ಮೇಲಷ್ಟೇ ಗೊತ್ತಾಗುತ್ತದೆ. ಮಾತನಾಡುವವರಿಗೆ ಇದು ನಾಲ್ಕು ದಿನದ ನಗೆಪಾಟಲು. ಆರನೆಯ ವಯಸ್ಸಿನಿಂದ ಹಾಡುತ್ತಲೇ ಬೆಳೆದವನಿಗೆ ಇದು ಮನೆಯೇ ಜಾಗ ಬದಲಿಸಿದಂತೆ.

ಹಾಗಾಗಿ ಎರಡನೆಯ ಕಂತನ್ನು ಒಂದೇ ಸಂಗತಿಯ ಮೇಲೆ ಕಟ್ಟಿದೆ. ಗುರುಗಳ ಮುಂದೆ ಭೂಪ ರಾಗ ಹಾಡುತ್ತಿರುವ ಹುಡುಗ ಗಾಂಧಾರ, ಪಂಚಮ, ಧೈವತದವರೆಗೆ ಹೋಗಿ ಅಲ್ಲಿಂದಲೇ ಇಳಿದುಬಿಡುತ್ತಾನೆ. ಮೊದಲ ಸಲ ಗುರುಗಳು ಗಮನಿಸುವುದಿಲ್ಲ. ಎರಡನೆಯ ಸಲ ಕಣ್ಣೆತ್ತಿ ನೋಡುತ್ತಾರೆ. ಮೂರನೆಯ ಸಲ ಕೈಯೆತ್ತಿ ತಬಲಾ ನಿಲ್ಲಿಸಿ, "ಮೇಲೆ ಹೋಗು" ಎನ್ನುತ್ತಾರೆ. ಹುಡುಗ ಹಾರ್ಮೋನಿಯಂ ಕಡೆ ನೋಡುತ್ತಾ ಸುಮ್ಮನೆ ಕುಳಿತಿರುತ್ತಾನೆ. ಅವನ ಮೌನವನ್ನು ಗುರುಗಳು ಸೊಕ್ಕು ಎಂದು ತಿಳಿಯುತ್ತಾರೆ. ಹಿಂದಿನ ದೃಶ್ಯದಲ್ಲಿ ಅವನು ಮಾಳಿಗೆಯ ಮೇಲೆ ಒಬ್ಬನೇ ಆ ಷಡ್ಜವನ್ನು ಪ್ರಯತ್ನಿಸಿ, ದನಿ ಸೀಳಿದಾಗ ಬಾಯಿಗೆ ಕೈ ಅಡ್ಡ ಹಿಡಿದದ್ದನ್ನು ನೋಡುಗರು ಕಂಡಿರುತ್ತಾರೆ. ಗುರುಗಳು ಕಂಡಿಲ್ಲ. ಇಡೀ ಧಾರಾವಾಹಿ ನಿಂತಿರುವುದು ಈ ಒಂದು ಅಂತರದ ಮೇಲೆ.

ಬರೆಯುವಾಗ ನನಗೆ ಅತ್ಯಂತ ಕಷ್ಟವಾದದ್ದು ಹಿರಿಯರು. ಅವರನ್ನು ಕಲ್ಲುಮನಸ್ಸಿನವರನ್ನಾಗಿ ಮಾಡಿದರೆ ಹುಡುಗನ ಮೇಲೆ ಕರುಣೆ ಸುಲಭವಾಗಿ ಹುಟ್ಟುತ್ತದೆ, ಆದರೆ ಅದು ಸುಳ್ಳು ಕರುಣೆ. ತಪ್ಪು ತಿಳಿಯುವ ಪ್ರತಿಯೊಬ್ಬರಿಗೂ ಹಾಗೆ ತಿಳಿಯಲು ಒಂದು ನ್ಯಾಯವಾದ ಕಾರಣ ಕೊಡಬೇಕು ಎಂದು ನಿರ್ಧರಿಸಿದೆ. ಎಸ್ಸೆಸ್ಸೆಲ್ಸಿ ಹತ್ತಿರವಾದಂತೆ ಒಳ್ಳೊಳ್ಳೆಯ ಶಿಷ್ಯರು ಟ್ಯೂಷನ್ನಿಗೆಂದು ಹೋಗಿ ತಿರುಗಿ ಬಾರದಿದ್ದುದನ್ನು ಗುರುಗಳು ಕಂಡಿದ್ದಾರೆ. ಮಗ ಕೊನೆಗೂ ಪುಸ್ತಕ ಹಿಡಿದನೆಂದು ಅಪ್ಪನಿಗೆ ಒಳಗೊಳಗೇ ಸಮಾಧಾನ. ಬೆಳಗಿನ ರಿಯಾಜ್ ಕೇಳುತ್ತಲೇ ರೊಟ್ಟಿ ಬಡಿದು ಅಭ್ಯಾಸವಾದ ಅವ್ವನಿಗೆ ಮನೆಯ ಮೌನವೇ ಭಯ. ಆಕೆ ಅವನ ಮೊಬೈಲ್ ತೆಗೆದು ನೋಡುತ್ತಾಳೆ. ಇವರಲ್ಲಿ ಯಾರನ್ನೂ ನನ್ನಿಂದ ದ್ವೇಷಿಸಲಾಗಲಿಲ್ಲ.

ನಾಲ್ಕನೆಯ ಕಂತಿನಲ್ಲಿ ಹುಡುಗ ಮನೆ ಬಿಟ್ಟು ಓಡಿಹೋಗಲಿ ಎಂದು ನಿರ್ದೇಶಕರು ಕೇಳಿದರು. ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತಾ ಗದಗಿನಿಂದ ಹೊರಟ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನು ಒಪ್ಪಲಿಲ್ಲ. ಆ ಹುಡುಗ ಸಂಗೀತದ ಕಡೆಗೆ ಓಡಿದವನು. ನಮ್ಮವನು ಸಂಗೀತದಿಂದ ಮುಖ ಮರೆಸಿಕೊಂಡವನು, ಅದೂ ಅದೇ ಮನೆಯಲ್ಲಿ, ಎಲ್ಲರ ಕಣ್ಣೆದುರಿನಲ್ಲಿ. ಅವನು ಊರು ಬಿಟ್ಟರೆ ಕಥೆ ಬೇರೆಯಾಗುತ್ತದೆ. ಆ ಜಾಗದಲ್ಲಿ ಗಂಗೂಬಾಯಿ ಹಾನಗಲ್ ಅವರ ದನಿಯನ್ನು ತಂದೆ. ಅವರ ಆರಂಭದ ಗ್ರಾಮಫೋನ್ ಮುದ್ರಿಕೆಗಳಲ್ಲಿ ಇರುವುದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ಟಾನ್ಸಿಲ್ ಚಿಕಿತ್ಸೆಯ ನಂತರ ಅದು ನಾವೆಲ್ಲ ಬಲ್ಲ ಆ ಗಂಭೀರ ಕಂಠವಾಯಿತು. ಹುಡುಗ ಅಜ್ಜಿಯ ಕೋಣೆಯಲ್ಲಿ ಮೊದಲು ಒಂದನ್ನು, ಬಳಿಕ ಇನ್ನೊಂದನ್ನು ಕೇಳುತ್ತಾನೆ. "ಇವರಿಬ್ಬರೂ ಯಾರು ಅಜ್ಜಿ?" ಎನ್ನುತ್ತಾನೆ. "ಇಬ್ಬರಲ್ಲ" ಎನ್ನುತ್ತಾಳೆ ಅಜ್ಜಿ. ಆ ದೃಶ್ಯಕ್ಕೆ ಅದಕ್ಕಿಂತ ಹೆಚ್ಚಿನ ಮಾತು ಬರೆಯಲಿಲ್ಲ.

ಚಿತ್ರೀಕರಣ ನನಗೆ ಬೇರೆಯೇ ಪಾಠ ಕಲಿಸಿತು. ಒಡೆದ ದನಿಯನ್ನು ಮೊದಲೇ ಧ್ವನಿಮುದ್ರಿಸಿಡೋಣವೆಂದು ಹತ್ತೊಂಬತ್ತರ ಗಾಯಕನೊಬ್ಬನನ್ನು ಕರೆಸಿದೆವು. ಚೆನ್ನಾಗಿ ಕಲಿತವನು. ಬೇಕೆಂದೇ ತಪ್ಪಿ ಹಾಡಿದ. ಕೇಳಿದರೆ ಎಲ್ಲವೂ ಅನುಕರಣೆ. ಬೀಳುವ ದನಿಯನ್ನು ಬೀಳಿಸಿದ ಹಾಗೆ ಹಾಡಿದರೆ ಕಿವಿಗೆ ತಕ್ಷಣ ತಿಳಿಯುತ್ತದೆ. ಪಾತ್ರ ಮಾಡುತ್ತಿದ್ದ ಹುಡುಗ ಸ್ವತಃ ಹಾಡು ಕಲಿತವನು, ಅವನ ದನಿಯೂ ಆಗಷ್ಟೇ ಒಡೆಯತೊಡಗಿತ್ತು. ಅದನ್ನು ಬಳಸಿಕೊಳ್ಳಬಹುದೇ ಎಂದು ಅವನನ್ನೂ ಅವನ ತಾಯಿಯನ್ನೂ ಕೂರಿಸಿಕೊಂಡು ಕೇಳಿದೆ. ಅವನು ಎರಡು ದಿನ ಯೋಚಿಸಿ ಒಪ್ಪಿದ. ಮಾಳಮಡ್ಡಿಯ ಗುರುಗಳು ಕಟ್ಟುಪಾಡು ಹಾಕಿದರು: ಮೇಲಿನ ಸ್ವರವನ್ನು ಒಂದು ಹೊತ್ತಿಗೆ ಎರಡು ಸಲಕ್ಕಿಂತ ಹೆಚ್ಚು ಹಾಡಿಸಬಾರದು, ಕೂಗಿಸಬಾರದು, ಬೆಳಿಗ್ಗೆ ಮಂದ್ರದಲ್ಲಿ ಮೆಲ್ಲಗೆ ಖರಜ್, ಅಂದರೆ ಕೆಳಗಿನ ಸ್ವರಗಳ ಅಭ್ಯಾಸ, ಮಾಡಿಸಬೇಕು. ಸ್ಥಳದಲ್ಲೇ ಧ್ವನಿ ಹಿಡಿದೆವು, ದೃಶ್ಯಗಳನ್ನು ಕಥೆಯ ಕ್ರಮದಲ್ಲಿಯೇ ಚಿತ್ರಿಸಿದೆವು. ಇದರಿಂದ ಖರ್ಚು ಹೆಚ್ಚಿತು, ಜಗಳವೂ ಆಯಿತು. ಆದರೆ ಮೂರು ತಿಂಗಳ ನಂತರ, ಪಕ್ಕದ ರಸ್ತೆಯ ಸದ್ದು ಸೇರಿ ಕೆಟ್ಟಿದ್ದ ಮೊದಲ ಕಂತಿನ ಒಂದು ಮಾತನ್ನು ಡಬ್ ಮಾಡಿಸಲು ಹೋದಾಗ, ಅವನಿಂದ ಆ ದನಿ ಬರಲೇ ಇಲ್ಲ. ಆ ಮಾತನ್ನೇ ಕತ್ತರಿಸಿದೆವು.

ಕೊನೆಯ ಕಂತಿಗೆ ನಾನು ಮೊದಲು ಬರೆದದ್ದು ದೊಡ್ಡ ವೇದಿಕೆ, ತುಂಬಿದ ಸಭೆ. ಅದನ್ನೂ ತೆಗೆದೆ. ಅದರ ಬದಲಿಗೆ, ಗುರುಗಳು ಮಿರಜಿನಿಂದ ತಂದ ದೊಡ್ಡ ತಂಬೂರಿಯನ್ನು ಗವಸಣಿಗೆಯಿಂದ ಬಿಡಿಸಿ ಹುಡುಗನ ಮುಂದಿಡುತ್ತಾರೆ, ಅವನು ತನ್ನ ಹೊಸ ಶ್ರುತಿಗೆ ತಂತಿಗಳನ್ನು ಕೂರಿಸುತ್ತಾನೆ. ಚಿತ್ರಕಥೆಯಲ್ಲಿ ಕಪ್ಪು ಎರಡು ಎಂದು ಬರೆದಿದ್ದೆ. ಚಿತ್ರೀಕರಣದ ದಿನ ಹುಡುಗ ಮೆಲ್ಲಗೆ ಗುನುಗಿ ನೋಡಿ, "ಮೇಡಂ, ಇವತ್ತು ನನ್ನದು ಕಪ್ಪು ಒಂದು" ಎಂದ. ಕಿಟಕಿಯ ಬಿಸಿಲು ಇಳಿಯುತ್ತಿತ್ತು, ಕ್ಯಾಮೆರಾದವರು ಅವಸರ ಮಾಡುತ್ತಿದ್ದರು. ಮಾಳಮಡ್ಡಿಯ ಗುರುಗಳು ಚೌಕಟ್ಟಿನ ಹೊರಗೆ ನೆಲದ ಮೇಲೆ ಕುಳಿತು ನಾಲ್ಕೂ ತಂತಿಗಳನ್ನು ಸಡಿಲಿಸಿ ಮತ್ತೆ ಮೊದಲಿನಿಂದ ಶ್ರುತಿ ಮಾಡತೊಡಗಿದರು. ನಾವೆಲ್ಲರೂ ಕಾದೆವು.