ಸೆರ್ರಾ ಜೆಲಾಡಾ: ಅರ್ಧ ದಿನದ ಏಣುದಾರಿ ನಡಿಗೆ

ಸ್ಪೇನಿನ ಬೆನಿಡಾರ್ಮ್ ಊರಿನ ಪೂರ್ವ ತುದಿಯಲ್ಲಿ ಗುಡ್ಡದ ಮೇಲೊಂದು ಶಿಲುಬೆ ಇದೆ, ಅಲ್ಲಿಂದ ಶುರು ಮಾಡಿ ಪಕ್ಕದ ಕರಾವಳಿ ಊರು ಅಲ್ಬೀರ್ ಕಡೆ ನಡೆಯಿರಿ. ಸೆರ್ರಾ ಜೆಲಾಡಾ ಬೆಟ್ಟಸಾಲಿನ ತುತ್ತತುದಿ ಬರೀ 438 ಮೀಟರ್ ಅಂತ ಸುಮ್ನೆ ಹಗುರವಾಗಿ ತಗೋಬೇಡಿ. ಬೆಟ್ಟದ ನೆತ್ತಿಯ ಏಣು ಸಮವಾಗಿಲ್ಲ, ಹತ್ತಿದ್ದನ್ನೆಲ್ಲ ಇಳಿಸಿ ಮತ್ತೆ ಹತ್ತಿಸುತ್ತದೆ, ತೊಡೆ ನಡುಗುವಷ್ಟು. ಬಲಕ್ಕೆ ಸಮುದ್ರಕ್ಕೆ ನೇರ ಬೀಳುವ ಪ್ರಪಾತ, ಹಾಗಾಗಿ ಗಾಳಿ ಜೋರಿದ್ದರೆ ಅಂಚಿಗೆ ಹೋಗಬೇಡಿ. ಸುಣ್ಣಕಲ್ಲು ಒಣಗಿದಾಗ ಉಪ್ಪುಕಾಗದದ ಹಾಗೆ ಬೂಟು ಹಿಡಿಯುತ್ತದೆ, ಆದರೆ ಜನ ತುಳಿದು ತುಳಿದು ನುಣುಪಾದ ಕಡೆ ಜಾರುತ್ತದೆ. ಮಳೆ ಬಂದ ದಿನ ಬೇಡವೇ ಬೇಡ.

ನೆರಳಿಲ್ಲ, ನೀರಿಲ್ಲ. ತಲಾ 2 ಲೀಟರ್ ಇರಲಿ, ಬೇಸಿಗೆಯಲ್ಲಾದರೆ ಇನ್ನೂ ಜಾಸ್ತಿ. ಕೊನೆಗೆ ಆಂಟೆನಾ ಕಂಬಗಳ ಹತ್ತಿರ ಡಾಂಬರು ರಸ್ತೆ ಸಿಗುತ್ತದೆ, ಅದನ್ನೇ ಹಿಡಿದು ಅಲ್ಬೀರ್‌ಗೆ ಇಳಿಯಿರಿ. ವಾಪಸ್ ಬರೋಕೆ ಬಸ್ ಇದೆ.