ಕೊರತೆ ಎಷ್ಟು ಅನ್ನೋದಕ್ಕಿಂತ ಅದನ್ನು ತುಂಬಿದ್ದು ಯಾರು ಅಂತ ನೋಡಿ

ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ ಪೂರ್ವ ಯುರೋಪಿನಲ್ಲಿ ಬೆಲೆಗಳು ಯಾಕೆ ಹಾಗೆ ಏರಿದವು? ಪಿಎಚ್‌ಡಿಗೆ ನಾನು ಹಿಡಿದ ವಿಷಯ ಇದು. ಎಕ್ಸೆಲ್‌ನ ಒಂದು ಕಾಲಂನಲ್ಲಿ ಬಜೆಟ್ ಕೊರತೆ, ಪಕ್ಕದಲ್ಲಿ ಹಣದುಬ್ಬರ ಇಟ್ಟು ಶುರುಮಾಡಿದೆ. ರಷ್ಯಾದ ಸಾಲಿನಲ್ಲೇ ತಾಳೆ ಆಗಲಿಲ್ಲ. 1992ರಲ್ಲಿ ಶೇ. 2,500ರಷ್ಟಿದ್ದ ಹಣದುಬ್ಬರ 1997ಕ್ಕೆ ಶೇ. 11ಕ್ಕೆ ಇಳಿದಿತ್ತು. ಕೊರತೆ ಮಾತ್ರ ಆಗಲೂ ದೊಡ್ಡದೇ!

ಹಾಗಾಗಿ ಮೂರನೇ ಕಾಲಂ ಹಾಕಿದೆ: ಕೊರತೆ ತುಂಬಿದ್ದು ಯಾರು? ಆಗ ವಿಷಯ ಬಿಚ್ಚಿಕೊಂಡಿತು. ಮೊದಲು ಕೇಂದ್ರ ಬ್ಯಾಂಕೇ ಸರ್ಕಾರಕ್ಕೆ ನೇರ ಸಾಲ ಕೊಡುತ್ತಿತ್ತು, ಅಂದರೆ ಹೊಸ ರೂಬಲ್ ಹುಟ್ಟಿಸುತ್ತಿತ್ತು. 1995ರಲ್ಲಿ ಅದು ನಿಂತಿತು. ಸರ್ಕಾರ ಜಿಕೆಒ ಎಂಬ ಅಲ್ಪಾವಧಿ ಸಾಲಪತ್ರಗಳನ್ನೂ ವಿದೇಶಿ ಸಾಲವನ್ನೂ ನೆಚ್ಚಿಕೊಂಡಿತು. ಬೆಲೆ ತಣ್ಣಗಾಯಿತು, ಆದರೆ ಹಳೇ ಸಾಲ ತೀರಿಸಲು ಹೊಸ ಸಾಲ ಮಾಡುತ್ತಾ ಹೋಗಿ 1998ರ ಆಗಸ್ಟ್ 17ರಂದು ಸರ್ಕಾರ ಸಾಲ ತೀರಿಸಲಾಗದೆ ಕೈಚೆಲ್ಲಿತು, ರೂಬಲ್ ಕುಸಿಯಿತು, ಆ ವರ್ಷ ಹಣದುಬ್ಬರ ಮತ್ತೆ ಶೇ. 84 ಮುಟ್ಟಿತು. ಕೊರತೆಯ ಪೆಟ್ಟು ತಪ್ಪಿರಲಿಲ್ಲ, ಸುಮ್ನೆ ಮುಂದಕ್ಕೆ ಹೋಗಿತ್ತು ಅಷ್ಟೇ.

ಬಜೆಟ್ ಪುಸ್ತಕ ಒಂದನ್ನೇ ನಂಬಿ ಕೂತರೂ ಆಗಲ್ಲ. ಬಲ್ಗೇರಿಯಾ ನೋಡಿ. ನಷ್ಟದಲ್ಲಿದ್ದ ಸರ್ಕಾರಿ ಕಾರ್ಖಾನೆಗಳಿಗೆ ಬ್ಯಾಂಕುಗಳ ಸಾಲ, ಮುಳುಗುತ್ತಿದ್ದ ಆ ಬ್ಯಾಂಕುಗಳಿಗೆ ಕೇಂದ್ರ ಬ್ಯಾಂಕಿನ ದುಡ್ಡು. ಇದು ನಿಜಕ್ಕೂ ಸರ್ಕಾರದ್ದೇ ಖರ್ಚು ಅಲ್ವಾ? ಆದರೆ ಕೊರತೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. 1997ರ ಫೆಬ್ರವರಿ ಒಂದೇ ತಿಂಗಳಲ್ಲಿ ಬೆಲೆಗಳು ಶೇ. 240ಕ್ಕಿಂತ ಜಾಸ್ತಿ ಏರಿದವು. ಸಂಬಳ ಎಣಿಸಿಕೊಂಡು ಬದುಕುವವರ ಗತಿ ಏನಾಗಿರಬೇಕು! ಜುಲೈ 1ರಿಂದ ಅಲ್ಲಿನ ನಾಣ್ಯ ಲೆವ್‌ಗೆ, 1,000 ಲೆವ್‌ಗೆ 1 ಜರ್ಮನ್ ಮಾರ್ಕ್ ಅಂತ ದರ ಕಟ್ಟಿ, ಕೇಂದ್ರ ಬ್ಯಾಂಕು ಸರ್ಕಾರಕ್ಕೆ ಸಾಲ ಕೊಡುವುದಕ್ಕೂ ತಡೆ ಹಾಕಿದ ಮೇಲೆ ಬೆಲೆ ಹಿಡಿತಕ್ಕೆ ಬಂತು.

ಇನ್ನೊಂದು, ಪೆಟ್ಟು ಉಲ್ಟಾ ದಿಕ್ಕಿನಿಂದಲೂ ಬರುತ್ತದೆ. ಹಣದುಬ್ಬರ ಜೋರಾಗಿದ್ದಾಗ ತೆರಿಗೆ ಖಜಾನೆ ಸೇರುವಷ್ಟರಲ್ಲಿ ದುಡ್ಡಿನ ಬೆಲೆ ಕರಗಿರುತ್ತದೆ, ಅದರಿಂದಲೇ ಕೊರತೆ ಬೆಳೆಯುತ್ತದೆ. ವಾರ್ಷಿಕ ಅಂಕಿ ಇಟ್ಟುಕೊಂಡರೆ ಯಾವುದು ಮೊದಲು ಅಂತ ಗೊತ್ತಾಗಲ್ಲ, ಸಿಕ್ಕಲ್ಲೆಲ್ಲಾ ತಿಂಗಳ ಅಂಕಿ ತಗೊಳ್ಳಿ.

ಪೋಲೆಂಡನ್ನು ಮಾತ್ರ ನಾನು ಬೇರೆಯಾಗಿ ನೋಡಿದೆ. 1990ರಲ್ಲಿ ಅಲ್ಲಿನ ಬಜೆಟ್ ಮಿಗತೆಯಲ್ಲಿತ್ತು, ಆದರೂ ಜನವರಿ ಒಂದೇ ತಿಂಗಳಲ್ಲಿ ಬೆಲೆಗಳು ಸುಮಾರು ಶೇ. 80 ಜಿಗಿದವು. ಅದು ಸರ್ಕಾರ ವರ್ಷಗಟ್ಟಲೆ ಅದುಮಿಟ್ಟಿದ್ದ ಬೆಲೆಗಳನ್ನು ಮಾರುಕಟ್ಟೆಗೆ ಬಿಟ್ಟಾಗ ಆದ ಜಿಗಿತ. ಅದಕ್ಕೇ ಯಾವ ದೇಶವಾದರೂ ಸರಿ, ಬೆಲೆ ಬಿಟ್ಟ ಮೊದಲ ತಿಂಗಳುಗಳನ್ನು ಪಕ್ಕಕ್ಕಿಟ್ಟೇ ಕೊರತೆಯ ಲೆಕ್ಕ ಹಾಕುತ್ತೇನೆ.